ಯಾವ ಉಪಕರಣ ಹಾಕಿದರೂ ಆರ್‌ಸಿಸಿಬಿ ಟ್ರಿಪ್ ಆಗುತ್ತಿದೆ, ಗೀಸರ್ ಎಲಿಮೆಂಟ್ ಬದಲಿಸಿದರೂ ನಿಂತಿಲ್ಲ

ಬೆಳಕಿನಕಂಡಿ

ಎಲ್ಲರಿಗೂ ನಮಸ್ಕಾರ. ಮೂರು ವಾರಗಳಿಂದ ನಮ್ಮ ಮನೆಯ ಡಿಬಿ ಬಾಕ್ಸಿನಲ್ಲಿ (ಕರೆಂಟನ್ನು ಮನೆಯೊಳಗೆ ಹಂಚುವ ಪೆಟ್ಟಿಗೆ) ಕರೆಂಟ್ ಸೋರಿದರೆ ಸಂಪರ್ಕ ಕಡಿಯಲೆಂದು ಇರುವ ಆರ್‌ಸಿಸಿಬಿ ಪದೇ ಪದೇ ಟ್ರಿಪ್ ಆಗುತ್ತಿದೆ. ಮೊದಲ ಸಲ ಅದು ಬಿದ್ದದ್ದು ಗೀಸರ್ ಹಾಕಿದ ಮರುಕ್ಷಣದಲ್ಲಿ. ಹಾಗಾಗಿ ದೋಷ ಗೀಸರಿನದೇ ಎಂದು ತೀರ್ಮಾನಿಸಿ ಎಲಿಮೆಂಟ್ ಬದಲಾಯಿಸಿದೆ. ಎರಡು ದಿನ ಸುಮ್ಮನಿದ್ದು ಮತ್ತೆ ಶುರುವಾಯಿತು. ಈಗ ಇಸ್ತ್ರಿಪೆಟ್ಟಿಗೆ ಹಾಕಿದರೂ ಬೀಳುತ್ತದೆ, ನೀರಿನ ಮೋಟಾರ್ ಚಾಲೂ ಮಾಡಿದಾಗಲೂ ಒಮ್ಮೆ ಬಿದ್ದಿದೆ. ದೀಪ, ಫ್ಯಾನು, ಟಿವಿಗಳಷ್ಟೇ ಇದ್ದರೆ ಇಡೀ ದಿನ ಏನೂ ಆಗುವುದಿಲ್ಲ.

ಬಾಕ್ಸಿನಲ್ಲಿ ಎಡಗಡೆಗೆ 40 ಆಂಪಿಯರ್, 30 ಮಿಲಿಆಂಪಿಯರ್ ಎಂದು ಬರೆದಿರುವ ಆರ್‌ಸಿಸಿಬಿ ಇದೆ; ಅದರ ಪಕ್ಕದಲ್ಲಿ ಎಂಟು ಸಿಂಗಲ್ ಪೋಲ್ ಎಂಸಿಬಿಗಳಿವೆ (ಲೋಡು ಹೆಚ್ಚಾದರೆ ಅಥವಾ ಶಾರ್ಟ್ ಆದರೆ ಬೀಳುವ ಸ್ವಿಚ್ಚುಗಳು). ಎಂಸಿಬಿಗಳಲ್ಲಿ ಒಂದೂ ಬೀಳುವುದಿಲ್ಲ, ಬೀಳುವುದು ಆರ್‌ಸಿಸಿಬಿ ಮಾತ್ರ. ಅದು ಬಿದ್ದರೆ ಇಡೀ ಮನೆ ಕತ್ತಲಾಗುತ್ತದೆ. ಮೊನ್ನೆ ಬೆಳಗಿನ ಜಾವ ಹೀಗಾದಾಗ ನಮ್ಮ ತಾಯಿಯವರು ಬಚ್ಚಲಿನಿಂದ ಹೊರಬರುತ್ತಿದ್ದರು. ಗೋಡೆ ತಡವಿಕೊಂಡು ನಿಂತಲ್ಲೇ ನನ್ನನ್ನು ಕೂಗಿದರು. ಆ ದಿನದಿಂದ ನನಗೆ ನೆಮ್ಮದಿಯಿಲ್ಲ. ಪರಿಚಯದವರೊಬ್ಬರು ಆರ್‌ಸಿಸಿಬಿಯನ್ನು ತೆಗೆಸಿ ನೇರ ಸಂಪರ್ಕ ಕೊಡಿಸಿಬಿಡಿ ಎನ್ನುತ್ತಿದ್ದಾರೆ. ಹಾಗೆ ಮಾಡಬಹುದೇ? ಏನು ಮಾಡಬೇಕೆಂದು ತಿಳಿದವರು ದಯವಿಟ್ಟು ಹೇಳಿ.

ಹಳೇಫ್ಯೂಸು

ದಯವಿಟ್ಟು ತೆಗೆಸಬೇಡಿ. ನಿಮ್ಮ ತಾಯಿಯವರು ಒದ್ದೆ ಕೈಯಲ್ಲಿ ಗೀಸರಿನ ನಲ್ಲಿ ಮುಟ್ಟುವ ಹೊತ್ತಿನಲ್ಲಿ ಅವರನ್ನು ಕಾಯುವುದು ಅದೇ. ಕತ್ತಲಿನ ತೊಂದರೆಗೆ ಸದ್ಯಕ್ಕೆ ಪಡಸಾಲೆಯಲ್ಲಿ ಬ್ಯಾಟರಿಯ ಎಮರ್ಜೆನ್ಸಿ ದೀಪವೊಂದನ್ನು ಇಡಿ, ದೋಷ ಹುಡುಕುವ ಕೆಲಸ ಆಮೇಲೆ ಸಾವಕಾಶವಾಗಿ ನಡೆಯಲಿ.

ತಂತಿಕೆಲಸ

ಮನೆಗಳ ವೈರಿಂಗ್ ಕೆಲಸದಲ್ಲಿ ನನಗೆ ಸಾಕಷ್ಟು ವರ್ಷಗಳ ಅನುಭವವಿದೆ. ನೀವು ಯಾವುದು ಬೀಳುತ್ತಿದೆ, ಯಾವುದು ಬೀಳುತ್ತಿಲ್ಲ ಎಂಬುದನ್ನು ಬಿಡಿಸಿ ಬರೆದಿರುವುದರಿಂದ ಅರ್ಧ ಕೆಲಸ ಆಗಿದೆ. ‘ಟ್ರಿಪ್ ಆಯಿತು’ ಎಂದು ಕರೆಯುವ ಬಹಳ ಜನರಿಗೆ ಬಿದ್ದದ್ದು ಯಾವುದೆಂದು ಗೊತ್ತಿರುವುದಿಲ್ಲ. ಎಂಸಿಬಿ ಬೀಳುವುದಕ್ಕೂ ಆರ್‌ಸಿಸಿಬಿ ಬೀಳುವುದಕ್ಕೂ ಕಾರಣಗಳೇ ಬೇರೆ, ಹುಡುಕುವ ದಾರಿಯೂ ಬೇರೆ.

ಎಂಸಿಬಿಯ ಒಳಗೆ ಎರಡು ವ್ಯವಸ್ಥೆಗಳಿವೆ. ಒಂದು, ಎರಡು ಲೋಹಗಳನ್ನು ಬೆಸೆದು ಮಾಡಿದ ಪಟ್ಟಿ. ಕರೆಂಟ್ ಮಿತಿ ಮೀರಿ ಹರಿದಾಗ ಅದು ಬಿಸಿಯಾಗಿ, ನಿಧಾನವಾಗಿ ಬಾಗಿ, ಕೊಕ್ಕೆ ಬಿಡಿಸುತ್ತದೆ. ಇನ್ನೊಂದು, ತಂತಿಯ ಸುರುಳಿ. ಶಾರ್ಟ್ ಆದಾಗ ಅದು ಅಯಸ್ಕಾಂತವಾಗಿ ಸೆಳೆದು, ಕಣ್ಣು ಮಿಟುಕಿಸುವುದರೊಳಗೆ ಸಂಪರ್ಕ ಕಡಿಯುತ್ತದೆ. ಮನೆಬಳಕೆಯ ಎಂಸಿಬಿಗಳಿಗೆ ಅನ್ವಯಿಸುವ ಐಇಸಿ 60898 ಮಾನದಂಡದ ಪ್ರಕಾರ, ಅದರ ಮೇಲೆ ಬರೆದ ಪ್ರಮಾಣದ 1.13 ಪಟ್ಟು ಕರೆಂಟ್ ಹರಿದರೆ ಅದು ಒಂದು ಗಂಟೆಯವರೆಗೆ ಬೀಳಬಾರದು, 1.45 ಪಟ್ಟು ಹರಿದರೆ ಒಂದು ಗಂಟೆಯೊಳಗೆ ಬೀಳಲೇಬೇಕು. ಎಂದರೆ 16 ಆಂಪಿಯರಿನ ಎಂಸಿಬಿ 18 ಆಂಪಿಯರನ್ನು ತಾಳಿಕೊಂಡಿದ್ದರೆ ಅದು ಕೆಟ್ಟಿದೆ ಎಂದಲ್ಲ, ಹಾಗಿರಬೇಕಾದದ್ದೇ ಸರಿ. ಗೀಸರು ಹದಿನೈದು ಇಪ್ಪತ್ತು ನಿಮಿಷ ಉರಿದ ಮೇಲೆ ಎಂಸಿಬಿ ಬಿದ್ದರೆ ಲೋಡು ಹೆಚ್ಚಾಗಿದೆ ಎಂದೋ, ಎಂಸಿಬಿಯ ಸ್ಕ್ರೂ ಸಡಿಲವಾಗಿ ಅಲ್ಲಿಯೇ ಬಿಸಿ ಹುಟ್ಟುತ್ತಿದೆ ಎಂದೋ ಊಹಿಸಬಹುದು. ಸ್ವಿಚ್ ಒತ್ತಿದ ಕೂಡಲೇ ಫಟ್ಟೆಂದು ಬಿದ್ದರೆ ಶಾರ್ಟ್ ಇರುವ ಸಾಧ್ಯತೆಯೇ ಹೆಚ್ಚು.

ಆರ್‌ಸಿಸಿಬಿಗೆ ಲೋಡಿನ ಲೆಕ್ಕವೇ ಬೇಕಿಲ್ಲ. ಕರೆಂಟ್ ತರುವ ಫೇಸ್ ತಂತಿ ಮತ್ತು ಅದು ಮರಳುವ ನ್ಯೂಟ್ರಲ್ ತಂತಿ ಎರಡೂ ಒಂದು ಕಬ್ಬಿಣದ ಬಳೆಯ ಮೂಲಕ ಹಾದುಹೋಗುತ್ತವೆ. ಹೋದ ಕರೆಂಟು ಅಷ್ಟಕ್ಕಷ್ಟೇ ಮರಳಿ ಬಂದರೆ ಎರಡರ ಪರಿಣಾಮವೂ ಒಂದನ್ನೊಂದು ಅಳಿಸಿಹಾಕಿ ಬಳೆ ಸುಮ್ಮನಿರುತ್ತದೆ. ಸ್ವಲ್ಪ ಪಾಲು ಬೇರೆ ದಾರಿಯಲ್ಲಿ, ಅಂದರೆ ನೆಲಕ್ಕೆ ಹೋಗುವ ಅರ್ಥ್ ತಂತಿಯ ಮೂಲಕವೋ ಒದ್ದೆ ಗೋಡೆಯ ಮೂಲಕವೋ ಮನುಷ್ಯನ ದೇಹದ ಮೂಲಕವೋ ಹೋಗಿಬಿಟ್ಟರೆ, ಆ ವ್ಯತ್ಯಾಸವನ್ನು ಬಳೆಯ ಮೇಲಿನ ಸುರುಳಿ ಗುರುತಿಸಿ ಕೊಕ್ಕೆ ಬಿಡಿಸುತ್ತದೆ. 30 ಮಿಲಿಆಂಪಿಯರಿನದಾದರೆ 30ಕ್ಕೆ 0.3 ಸೆಕೆಂಡಿನೊಳಗೆ ಬೀಳಲೇಬೇಕು, 15ಕ್ಕೆ ಬೀಳಬಾರದು. ನಡುವೆ ಎಲ್ಲಿ ಬೇಕಾದರೂ ಬೀಳಬಹುದು.

ಈಗ ನೀವು ಮಾಡಬೇಕಾದದ್ದು ಇಷ್ಟು. ಮನೆಯಲ್ಲಿರುವ ಎಲ್ಲ ಪ್ಲಗ್‌ಗಳನ್ನು ಸಾಕೆಟ್ಟಿನಿಂದ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ಏಕೆಂದರೆ ಸಾಮಾನ್ಯ ಸ್ವಿಚ್ಚು ಫೇಸನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಉಪಕರಣಕ್ಕೆ ಅಂಟಿಕೊಂಡೇ ಇರುತ್ತದೆ. ಎಂಟು ಎಂಸಿಬಿಗಳನ್ನೂ ಕೆಳಗೆ ಮಾಡಿ, ಆರ್‌ಸಿಸಿಬಿಯನ್ನು ಏರಿಸಿ. ನಿಂತರೆ ಒಂದೊಂದೇ ಎಂಸಿಬಿ ಏರಿಸುತ್ತ ಬನ್ನಿ. ಎಲ್ಲವೂ ನಿಂತ ಮೇಲೆ ಒಂದೊಂದೇ ಉಪಕರಣವನ್ನು ಸಿಕ್ಕಿಸಿ, ಸ್ವಲ್ಪ ಹೊತ್ತು ನೋಡಿ, ಮುಂದಿನದಕ್ಕೆ ಹೋಗಿ. ಎಲ್ಲಿ ಬಿತ್ತೆಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ನೆನಪನ್ನು ನಂಬಬೇಡಿ. ಬಿದ್ದದ್ದನ್ನು ಒಂದು ಸಲ ಏರಿಸಿ ನೋಡುವುದು ಸರಿ. ಮತ್ತೆ ಬಿದ್ದರೆ ಬಲವಂತ ಮಾಡಬಾರದು. ಸುಟ್ಟ ವಾಸನೆ, ಕಪ್ಪು ಕಲೆ, ಚಟಚಟ ಸದ್ದು ಇವುಗಳಲ್ಲಿ ಯಾವುದಿದ್ದರೂ ಏರಿಸುವ ಮಾತೇ ಬೇಡ. ಬಾಕ್ಸಿನ ಮುಚ್ಚಳ ತೆಗೆಯುವ ಕೆಲಸ ಮನೆಯವರದಲ್ಲ.

ಹೊಸಬಾಡಿಗೆ

ನಡುವೆ ಒಂದು ಸಣ್ಣ ಪ್ರಶ್ನೆ. ನಮ್ಮ ಮನೆಯ ಎಂಸಿಬಿ ಬಿದ್ದಾಗ ಅದರ ಸನ್ನೆ ಪೂರ್ತಿ ಕೆಳಗೂ ಇರುವುದಿಲ್ಲ, ಮೇಲೂ ಇರುವುದಿಲ್ಲ. ಮೇಲಕ್ಕೆ ತಳ್ಳಿದರೆ ನಿಲ್ಲುವುದೂ ಇಲ್ಲ. ಕೆಟ್ಟುಹೋಗಿದೆಯೇ?

ತಂತಿಕೆಲಸ

ಕೆಟ್ಟಿಲ್ಲ. ಕೆಲವು ಮಾದರಿಗಳು ಟ್ರಿಪ್ ಆದಾಗ ಸನ್ನೆಯನ್ನು ನಡುವೆ ನಿಲ್ಲಿಸುತ್ತವೆ. ಮೊದಲು ಪೂರ್ತಿ ಕೆಳಗೆ ಒತ್ತಿ, ಒಳಗಿನ ಕೊಕ್ಕೆ ಮತ್ತೆ ಕೂತ ಸದ್ದು ಕೇಳಿದ ಮೇಲೆ ಮೇಲಕ್ಕೆ ಏರಿಸಿ. ಲೋಡು ಹೆಚ್ಚಾಗಿ ಬಿದ್ದಿದ್ದರೆ ಪಟ್ಟಿ ತಣ್ಣಗಾಗಲು ಕೆಲವು ನಿಮಿಷ ಬೇಕು.

ಹಳೇಫ್ಯೂಸು

ಈ ಚರ್ಚೆ ಓದುವ ಬೇರೆಯವರಿಗೂ ಉಪಯೋಗವಾಗಲೆಂದು ನಮ್ಮ ಮನೆಯಲ್ಲಿ ನಡೆದದ್ದನ್ನು ಬರೆಯುತ್ತೇನೆ. ಅಡುಗೆಮನೆಯ 16 ಆಂಪಿಯರ್ ಎಂಸಿಬಿ ಆಗಾಗ ಬೀಳುತ್ತಿತ್ತು. ನೋಡಲು ಬಂದವರು ಹತ್ತೇ ನಿಮಿಷದಲ್ಲಿ ಅದನ್ನು ತೆಗೆದು 32 ಆಂಪಿಯರಿನದನ್ನು ಕೂರಿಸಿ ಹೋದರು. ಬೀಳುವುದು ನಿಂತಿತು, ನಾವೂ ಸಂತೋಷಪಟ್ಟೆವು. ಗೋಡೆಯೊಳಗಿದ್ದದ್ದು 2.5 ಚದರ ಮಿಲಿಮೀಟರಿನ ತಂತಿ; ಅದೇ ಕೊಳವೆಯಲ್ಲಿ ಇನ್ನೂ ನಾಲ್ಕು ಜೊತೆ ತಂತಿಗಳು ಒತ್ತಾಗಿದ್ದವು. ಒಂದು ಸಂಜೆ ನನ್ನ ಹೆಂಡತಿ ಸ್ವಿಚ್ ಬೋರ್ಡಿನ ಮೇಲಿನ ಗೋಡೆಗೆ ಅಂಗೈ ಇಟ್ಟು, ‘ಇಲ್ಲಿ ಯಾಕೆ ಬೆಚ್ಚಗಿದೆ?’ ಎಂದು ಕೇಳಿದಳು. ಮೇನ್ ಆರಿಸಿ ಬೋರ್ಡು ಬಿಚ್ಚಿಸಿದಾಗ ಕೆಂಪು ತಂತಿಯ ಹೊದಿಕೆ ಕಂದುಬಣ್ಣಕ್ಕೆ ತಿರುಗಿ, ಮುಟ್ಟಿದರೆ ಒಣ ಸಿಪ್ಪೆಯಂತೆ ಉದುರುತ್ತಿತ್ತು. ಎಂಸಿಬಿ ಕಾಯುವುದು ಉಪಕರಣವನ್ನಲ್ಲ, ಗೋಡೆಯೊಳಗಿನ ತಂತಿಯನ್ನು. ತಂತಿಯ ದಪ್ಪ ನೋಡದೆ ಎಂಸಿಬಿಯ ಆಂಪಿಯರ್ ಏರಿಸಿದರೆ ಗೋಡೆಯೇ ಒಲೆಯಾಗುತ್ತದೆ.

ತಂತಿಕೆಲಸ

ಇವರ ಮಾತಿಗೆ ಒಂದು ಲೆಕ್ಕ ಸೇರಿಸುತ್ತೇನೆ. 230 ವೋಲ್ಟಿನಲ್ಲಿ 2 ಕಿಲೋವ್ಯಾಟ್ ಗೀಸರು ಸುಮಾರು 8.7 ಆಂಪಿಯರ್ ಎಳೆಯುತ್ತದೆ, 1 ಕಿಲೋವ್ಯಾಟ್ ಇಸ್ತ್ರಿಪೆಟ್ಟಿಗೆ 4.3, ಒಂದೂವರೆ ಕಿಲೋವ್ಯಾಟ್ ಕೆಟಲ್ 6.5. ಈ ಮೂರೂ ಒಂದೇ 16 ಆಂಪಿಯರ್ ಎಂಸಿಬಿಯ ಮೇಲಿದ್ದರೆ ಒಟ್ಟು 19.5 ಆಗುತ್ತದೆ. ಕೂಡಲೇ ಬೀಳುವುದಿಲ್ಲ, ಬಿಸಿಯಾಗುತ್ತ ಹೋಗಿ ಬಿದ್ದರೂ ಬಿದ್ದೀತು. ಆಗ ಬದಲಿಸಬೇಕಾದದ್ದು ಎಂಸಿಬಿಯನ್ನಲ್ಲ. ಒಂದು ಉಪಕರಣವನ್ನು ಬೇರೆ ಸರ್ಕಿಟ್ಟಿಗೆ ಒಯ್ಯಬೇಕು, ಇಲ್ಲವೇ ಅದಕ್ಕೆಂದು ಪ್ರತ್ಯೇಕ ತಂತಿ ಎಳೆಸಬೇಕು.

ಬೆಳಕಿನಕಂಡಿ

ತಂತಿಕೆಲಸ ಅವರೇ, ನೀವು ಹೇಳಿದಂತೆಯೇ ಮಾಡಿದೆ. ಫಲಿತಾಂಶ ನನ್ನನ್ನು ಇನ್ನಷ್ಟು ಗೊಂದಲಕ್ಕೆ ದೂಡಿದೆ.

ಎಲ್ಲ ಪ್ಲಗ್ ಕಿತ್ತಿಟ್ಟು, ಎಂಸಿಬಿಗಳನ್ನು ಇಳಿಸಿ ಆರ್‌ಸಿಸಿಬಿ ಏರಿಸಿದೆ, ನಿಂತಿತು. ಎಂಟು ಎಂಸಿಬಿಗಳನ್ನೂ ಒಂದೊಂದಾಗಿ ಏರಿಸಿದೆ. ಅರ್ಧ ಗಂಟೆ ಕಾದರೂ ಬೀಳಲಿಲ್ಲ. ಬಳಿಕ ಇಸ್ತ್ರಿಪೆಟ್ಟಿಗೆಯೊಂದನ್ನೇ ಅಡುಗೆಮನೆಯಲ್ಲಿ ಸಿಕ್ಕಿಸಿದೆ, ಬಿತ್ತು. ಮಲಗುವ ಕೋಣೆಯ ಸಾಕೆಟ್ಟಿಗೆ ಬದಲಿಸಿದೆ, ಅದು ಬೇರೆ ಎಂಸಿಬಿ, ಅಲ್ಲಿಯೂ ಬಿತ್ತು. ಅದೇ ಇಸ್ತ್ರಿಪೆಟ್ಟಿಗೆಯನ್ನು ಆರ್‌ಸಿಸಿಬಿ ಇರುವ ಪಕ್ಕದ ಮನೆಗೆ ಒಯ್ದು ಹಾಕಿದರೆ ಕಾಲು ಗಂಟೆ ನಿರಾತಂಕವಾಗಿ ಕಾಯಿತು. ನಮ್ಮಲ್ಲಿ ಗೀಸರ್ ಹಾಕಿದರೂ ಬೀಳುತ್ತದೆ, ಕೆಟಲ್ ಹಾಕಿದರೆ ಕೆಲವು ಸಲ ಬೀಳುತ್ತದೆ, ಕೆಲವು ಸಲ ಇಲ್ಲ. ಮೂರು ಉಪಕರಣಗಳೂ ಒಟ್ಟಿಗೆ ಕೆಟ್ಟಿರಲು ಹೇಗೆ ಸಾಧ್ಯ?

ಮಾಪಕ

ಆರ್‌ಸಿಸಿಬಿಯೇ ದುರ್ಬಲವಾಗಿರಬಹುದು. ಹೊಸದನ್ನು ಹಾಕಿಸಿ ನೋಡಿ.

ತಂತಿಕೆಲಸ

ಮಾಪಕ ಅವರೇ, ಅಳೆಯದೆ ಬದಲಿಸುವುದು ಬೇಡ. ಗೀಸರಿನ ಎಲಿಮೆಂಟು ಹೋದದ್ದೂ ಹಾಗೆಯೇ. ಇಲ್ಲಿ ನನಗೆ ಕಾಣುವ ಕಾರಣ ಬೇರೆ.

ಮೂರು ಉಪಕರಣಗಳೂ ಕೆಟ್ಟಿಲ್ಲ, ಬಹುಶಃ ಒಂದೂ ಕೆಟ್ಟಿಲ್ಲ. ಮನೆಯ ಯಾವುದೋ ಒಂದು ಕಡೆ ನ್ಯೂಟ್ರಲ್ ತಂತಿಯೂ ಅರ್ಥ್ ತಂತಿಯೂ ಒಂದನ್ನೊಂದು ಮುಟ್ಟುತ್ತಿವೆ ಎಂಬುದು ನನ್ನ ಊಹೆ. ಇದು ಬಹಳ ಜನರಿಗೆ ಹೊಳೆಯದ ದೋಷವಾದ್ದರಿಂದ ಬಿಡಿಸಿ ಹೇಳುತ್ತೇನೆ.

ಫೇಸ್ ಅರ್ಥಿಗೆ ತಾಗಿದರೆ ಆ ಸರ್ಕಿಟ್ ಏರಿಸಿದ ಕೂಡಲೇ ಬೀಳುತ್ತದೆ, ಆದ್ದರಿಂದ ಸುಲಭವಾಗಿ ಸಿಕ್ಕಿಬೀಳುತ್ತದೆ. ನ್ಯೂಟ್ರಲ್ ಅರ್ಥಿಗೆ ತಾಗಿದರೆ ಏನೂ ಆದಂತೆ ಕಾಣುವುದಿಲ್ಲ. ಎರಡರ ನಡುವೆ ವೋಲ್ಟೇಜ್ ಬಹುತೇಕ ಇರುವುದೇ ಇಲ್ಲ, ಹೀಗಾಗಿ ಆ ಸಂಪರ್ಕದಲ್ಲಿ ಹರಿಯುವುದೂ ಅತ್ಯಲ್ಪ. ಆದರೆ ಮನೆಯಲ್ಲಿ ದೊಡ್ಡ ಲೋಡೊಂದು ಶುರುವಾದಾಗ ಮರಳಿ ಹೋಗುವ ಕರೆಂಟಿಗೆ ಎರಡು ದಾರಿಗಳಿರುತ್ತವೆ. ಹೆಚ್ಚಿನ ಪಾಲು ನ್ಯೂಟ್ರಲಿನಲ್ಲಿಯೇ ಆರ್‌ಸಿಸಿಬಿಯ ಮೂಲಕ ಹೋಗುತ್ತದೆ. ಒಂದು ಚೂರು ಪಾಲು, ತಾಗಿದ ಜಾಗದಿಂದ ಅರ್ಥ್ ತಂತಿಗೆ ಇಳಿದು, ಬಳೆಯ ಹೊರಗಿನಿಂದ ಹೋಗಿಬಿಡುತ್ತದೆ. ಇಸ್ತ್ರಿಪೆಟ್ಟಿಗೆಯ 4.3 ಆಂಪಿಯರಿನಲ್ಲಿ ನೂರಕ್ಕೆ ಒಂದು ಪಾಲೂ ಬೇಡ, ಆ ಒಂದು ಪಾಲಿನ ಮುಕ್ಕಾಲಿಗೂ ಕಡಿಮೆ ದಾರಿ ತಪ್ಪಿದರೆ 30 ಮಿಲಿಆಂಪಿಯರ್ ಆಯಿತು. ಫ್ಯಾನಿನಂಥ ಸಣ್ಣ ಲೋಡಿನಲ್ಲಿ ಅದೇ ಪಾಲು ಲೆಕ್ಕಕ್ಕೆ ಬಾರದಷ್ಟು ಅಲ್ಪವಾಗಿರುತ್ತದೆ. ಆದ್ದರಿಂದಲೇ ನಿಮ್ಮಲ್ಲಿ ದೀಪ, ಫ್ಯಾನುಗಳಿಗೆ ಏನೂ ಆಗುವುದಿಲ್ಲ, ಭಾರಿ ಉಪಕರಣ ಯಾವುದಾದರೂ ಸರಿ, ಯಾವ ಕೋಣೆಯಲ್ಲಾದರೂ ಸರಿ, ಬೀಳುತ್ತದೆ. ಎಲ್ಲಕ್ಕಿಂತ ಹೆಚ್ಚು ಕರೆಂಟ್ ಎಳೆಯುವ ಗೀಸರಿನ ಮೇಲೆ ಮೊದಲ ಅನುಮಾನ ಬಂದದ್ದಕ್ಕೂ ಇದೇ ಕಾರಣ.

ಸಿಂಗಲ್ ಪೋಲ್ ಎಂಸಿಬಿಗಳು ಫೇಸನ್ನಷ್ಟೇ ಕಡಿಯುವುದರಿಂದ, ದೋಷವಿರುವ ಸರ್ಕಿಟ್ಟಿನ ಎಂಸಿಬಿಯನ್ನು ಇಳಿಸಿದರೂ ಅದರ ನ್ಯೂಟ್ರಲ್ ತಂತಿ, ಎಲ್ಲ ನ್ಯೂಟ್ರಲ್ ತಂತಿಗಳು ಸೇರುವ ನ್ಯೂಟ್ರಲ್ ಲಿಂಕ್ ಎಂಬ ಪಟ್ಟಿಗೆ ಅಂಟಿಕೊಂಡೇ ಇರುತ್ತದೆ. ಒಂದೊಂದೇ ಎಂಸಿಬಿ ಏರಿಸಿ ನೋಡುವ ವಿಧಾನದಲ್ಲಿ ಈ ಒಂದು ದೋಷ ಮಾತ್ರ ಸಿಗುವುದಿಲ್ಲ. ಇದನ್ನು ನಾನು ಮೊದಲೇ ಹೇಳಬೇಕಿತ್ತು.

ಈಗ ಕೆಲಸ ಬಲ್ಲ ಎಲೆಕ್ಟ್ರಿಷಿಯನ್ನರನ್ನು ಕರೆಸಿ. ಅವರು ಆರ್‌ಸಿಸಿಬಿ ಮತ್ತು ಅದರ ಹಿಂದಿನ ಮೇನ್ ಸ್ವಿಚ್ ಎರಡನ್ನೂ ಆರಿಸಿ, ಕರೆಂಟ್ ಇಲ್ಲವೆಂದು ಖಚಿತಪಡಿಸಿಕೊಂಡು, ನ್ಯೂಟ್ರಲ್ ಲಿಂಕಿನಿಂದ ಒಂದೊಂದೇ ತಂತಿಯನ್ನು ಬಿಚ್ಚಿ, ಅದಕ್ಕೂ ಅರ್ಥಿಗೂ ನಡುವಿನ ಇನ್ಸುಲೇಷನನ್ನು ಮೆಗ್ಗರ್ ಎಂಬ ಅಳೆಯುವ ಉಪಕರಣದಿಂದ ನೋಡಬೇಕು. 500 ವೋಲ್ಟ್ ಡಿಸಿಯಲ್ಲಿ ಕನಿಷ್ಠ 1 ಮೆಗಾಓಮ್ ಬರಬೇಕು. ಆರೋಗ್ಯವಾಗಿರುವ ತಂತಿಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಬರುತ್ತದೆ. ಅಳೆಯುವ ಮುನ್ನ ಎಲ್ಲ ಪ್ಲಗ್ ತೆಗೆದಿರಬೇಕು, ಇಲ್ಲದಿದ್ದರೆ ಟಿವಿ, ಕಂಪ್ಯೂಟರುಗಳಂಥವು ಆ 500 ವೋಲ್ಟಿಗೆ ಹಾಳಾಗಬಹುದು. ಅಂದಹಾಗೆ, ಮೂರು ವಾರಗಳ ಹಿಂದೆ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆದದ್ದು, ಹೊಸ ದೀಪ ಹಾಕಿಸಿದ್ದು, ನೀರು ಸೋರಿದ್ದು ಏನಾದರೂ ಇದೆಯೇ? ನೆನಪು ಮಾಡಿಕೊಳ್ಳಿ.

ಮಾಪಕ

ನಿಮ್ಮ ವಿವರಣೆ ಒಪ್ಪತಕ್ಕದ್ದು. ಆದರೂ ಆರ್‌ಸಿಸಿಬಿಯನ್ನು ಪರೀಕ್ಷಿಸಿಯೇ ಬಿಡುವುದು ಒಳ್ಳೆಯದು ಎಂಬ ನನ್ನ ಮಾತನ್ನು ಬಿಡುವುದಿಲ್ಲ. ಟೆಸ್ಟ್ ಗುಂಡಿ ಒತ್ತಿದರೆ ಒಳಗಿನ ಯಂತ್ರ ಚಲಿಸುತ್ತದೆಯೇ ಎಂದು ಮಾತ್ರ ತಿಳಿಯುತ್ತದೆ. ಎಷ್ಟು ಮಿಲಿಆಂಪಿಯರಿಗೆ, ಎಷ್ಟು ಹೊತ್ತಿನಲ್ಲಿ ಬೀಳುತ್ತದೆ ಎಂಬುದು ಪರೀಕ್ಷಾ ಉಪಕರಣದಿಂದಲೇ ತಿಳಿಯಬೇಕು. ಇನ್ನೊಂದು ಸಂಗತಿ: ಕಂಪ್ಯೂಟರು, ವಾಷಿಂಗ್ ಮೆಷೀನುಗಳ ಒಳಗಿನ ಫಿಲ್ಟರುಗಳು ಯಾವ ದೋಷವಿಲ್ಲದಿದ್ದರೂ ಅರ್ಥಿಗೆ ಒಂದಿಷ್ಟು ಕರೆಂಟನ್ನು ಬಿಡುತ್ತಲೇ ಇರುತ್ತವೆ. ಇಂಥವು ಹಲವು ಸೇರಿ ಹತ್ತು ಮಿಲಿಆಂಪಿಯರಿನ ಹತ್ತಿರ ಬಂದಿದ್ದರೆ, ಮೇಲೆ ಇನ್ನೊಂದು ಚೂರು ಸೋರಿಕೆ ಸಾಕು. ‘ಕೆಲವು ಸಲ ಬೀಳುತ್ತದೆ, ಕೆಲವು ಸಲ ಇಲ್ಲ’ ಎಂಬ ದೂರಿನ ಹಿಂದೆ ಇದೂ ಇರುವುದುಂಟು.

ತಂತಿಕೆಲಸ

ಒಪ್ಪಿದೆ. ಗುಂಡಿಯನ್ನಂತೂ ಆರು ತಿಂಗಳಿಗೊಮ್ಮೆಯಾದರೂ ಒತ್ತಲೇಬೇಕು. ವರ್ಷಗಟ್ಟಲೆ ಅಲುಗಾಡದ ಯಂತ್ರ ಬೇಕಾದ ದಿನ ಅಂಟಿಕೊಂಡು ನಿಲ್ಲಬಹುದು. ಒತ್ತಿದರೂ ಬೀಳದ ಆರ್‌ಸಿಸಿಬಿ ಇದ್ದೂ ಇಲ್ಲದಂತೆ, ಅದನ್ನು ಅಂದೇ ಬದಲಿಸಬೇಕು.

ಬೆಳಕಿನಕಂಡಿ

ಸಿಕ್ಕಿತು! ನಿಮ್ಮ ಪ್ರಶ್ನೆ ಓದಿದ ಕೂಡಲೇ ನೆನಪಾಯಿತು: ಮೂರು ವಾರಗಳ ಹಿಂದೆ ಪಡಸಾಲೆಯ ಗೋಡೆಗೆ ಪುಸ್ತಕದ ಕಪಾಟೊಂದನ್ನು ನಾನೇ ಡ್ರಿಲ್ ಮಾಡಿ ಕೂರಿಸಿದ್ದೆ. ಗೀಸರ್ ಮೊದಲ ಸಲ ಬೀಳಿಸಿದ್ದು ಅದರ ಮರುದಿನ. ಎರಡನ್ನೂ ಜೋಡಿಸಿ ನೋಡುವ ಯೋಚನೆ ನನಗೆ ಬಂದಿರಲೇ ಇಲ್ಲ.

ನಿನ್ನೆ ಬಂದ ಎಲೆಕ್ಟ್ರಿಷಿಯನ್ನರಿಗೆ ಈ ಚರ್ಚೆಯನ್ನು ತೋರಿಸಿದೆ. ಅವರು ಓದಿ, ತಲೆಯಾಡಿಸಿ, ಮೇನ್ ಆರಿಸಿ, ನ್ಯೂಟ್ರಲ್ ಲಿಂಕಿನ ಸ್ಕ್ರೂಗಳನ್ನು ಒಂದೊಂದಾಗಿ ಸಡಿಲಿಸಿದರು. ನಾಲ್ಕು ತಂತಿಗಳವರೆಗೆ ಮೆಗ್ಗರಿನ ಮುಳ್ಳು ಮೇಲಿನ ತುದಿಯಲ್ಲಿಯೇ ನಿಂತಿತ್ತು. ಐದನೆಯದಕ್ಕೆ ಸೊನ್ನೆಗೆ ಬಂದು ಬಿತ್ತು. ಮಲ್ಟಿಮೀಟರಿನಲ್ಲಿ ನೋಡಿದರೆ 11 ಓಮ್. ಅದು ಪಡಸಾಲೆಯ ದೀಪಗಳ ಸರ್ಕಿಟ್ಟು. ಕಪಾಟಿನ ಸ್ಕ್ರೂಗಳನ್ನು ಬಿಚ್ಚುತ್ತ ಬಂದಾಗ ಮೂರನೆಯದು ಹೊರಬಂದ ಕೂಡಲೇ ಅಂಕಿ ಜಿಗಿದು ಹೋಯಿತು. ಆ ಸ್ಕ್ರೂವನ್ನು ಬೆಳಕಿಗೆ ಹಿಡಿದು ನೋಡಿದೆವು. ಐದು ಸೆಂಟಿಮೀಟರ್ ಉದ್ದದ ಸಾಧಾರಣ ಸ್ಕ್ರೂ. ಅದರ ತುದಿಯ ಎರಡು ಸುತ್ತುಗಳ ಸಂದಿನಲ್ಲಿ ತಾಮ್ರದ ಪುಡಿ ಹೊಳೆಯುತ್ತಿತ್ತು, ಹಸಿರು ಹೊದಿಕೆಯ ಒಂದು ಎಳೆ ಸಿಕ್ಕಿಕೊಂಡಿತ್ತು. ಕೊಳವೆಯನ್ನು ಸೀಳಿಕೊಂಡು ಹೋಗಿ ಕಪ್ಪು ತಂತಿಯನ್ನೂ (ನ್ಯೂಟ್ರಲ್) ಹಸಿರು ತಂತಿಯನ್ನೂ (ಅರ್ಥ್) ಒಟ್ಟಿಗೆ ಕೆರೆದಿತ್ತು. ಒಂದು ಬೆರಳಿನ ಅಂತರದಲ್ಲಿ ಫೇಸಿನ ಕೆಂಪು ತಂತಿ ಇತ್ತು. ಡ್ರಿಲ್ ಹಿಡಿದಿದ್ದವನು ನಾನೇ ಎಂಬುದನ್ನು ನೆನೆದರೆ ಈಗಲೂ ಕೈ ನಡುಗುತ್ತದೆ.

ಗಾಯಗೊಂಡ ಜಾಗಕ್ಕೆ ಟೇಪು ಸುತ್ತಿ ಮುಗಿಸಲು ಅವರು ಒಪ್ಪಲಿಲ್ಲ. ಕೊಳವೆಯೊಳಗೆ ಜೋಡಣೆ ಇರಬಾರದೆಂದು ಹೇಳಿ, ಸ್ವಿಚ್ ಬೋರ್ಡಿನಿಂದ ಮೇಲಿನ ಜಂಕ್ಷನ್ ಬಾಕ್ಸಿನವರೆಗೆ ಮೂರೂ ತಂತಿಗಳನ್ನು ಹೊಸದಾಗಿ ಎಳೆದರು. ಕೊನೆಯಲ್ಲಿ ಅಳೆದಾಗ 100 ಮೆಗಾಓಮಿಗೂ ಹೆಚ್ಚು ಬಂತು. ಮಾಪಕ ಅವರು ಹೇಳಿದಂತೆ ಆರ್‌ಸಿಸಿಬಿಯನ್ನೂ ಪರೀಕ್ಷಿಸಿದರು; 22 ಮಿಲಿಆಂಪಿಯರಿಗೆ ಬೀಳುತ್ತಿದೆ, ಅದು ಸರಿಯಾಗಿಯೇ ಇದೆ.

ಹೊಸಬಾಡಿಗೆ

ಗೋಡೆಯಲ್ಲಿ ತಂತಿ ಎಲ್ಲಿ ಹೋಗಿದೆ ಎಂದು ಹೊರಗಿನಿಂದ ತಿಳಿಯುವುದು ಹೇಗೆ? ನಾನೂ ಈ ವಾರ ಕನ್ನಡಿಯೊಂದನ್ನು ಹಾಕುವವನಿದ್ದೆ.

ತಂತಿಕೆಲಸ

ಸ್ವಿಚ್ ಬೋರ್ಡು ಅಥವಾ ಸಾಕೆಟ್ಟಿನ ನೇರಕ್ಕೆ, ನೆಲದಿಂದ ಚಾವಣಿಯವರೆಗೆ, ತಂತಿ ಇದೆ ಎಂದೇ ಭಾವಿಸಿ. ಅಕ್ಕಪಕ್ಕದ ಎರಡು ಬೋರ್ಡುಗಳ ನಡುವಿನ ಅಡ್ಡ ಗೆರೆಯನ್ನೂ ಬಿಡಿ. ಒಳಗಿನ ತಂತಿ ಪತ್ತೆಹಚ್ಚುವ ಡಿಟೆಕ್ಟರ್ ಸಿಕ್ಕರೆ ಬಳಸಿ, ಆದರೆ ಅದು ಸುಮ್ಮನಿದೆ ಎಂಬ ಒಂದೇ ಧೈರ್ಯದಿಂದ ಕೊರೆಯಬೇಡಿ. ಆಳದಲ್ಲಿರುವ ತಂತಿ ಅದಕ್ಕೆ ಕಾಣದೆ ಹೋಗಬಹುದು. ಕೊರೆಯುವ ಗೋಡೆಯ ಸರ್ಕಿಟ್ಟನ್ನು ಇಳಿಸಿಟ್ಟು, ಡ್ರಿಲ್ಲಿಗೆ ಬೇರೆ ಕೋಣೆಯಿಂದ ಕರೆಂಟ್ ತನ್ನಿ.

ಮಾಪಕ

ಬೆಳಕಿನಕಂಡಿ ಅವರೇ, ತಾಯಿಯವರ ವಿಷಯದಲ್ಲಿ ಒಂದು ಸಲಹೆ. ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಇದ್ದರೆ ಗೀಸರಿನ ದೋಷಕ್ಕೆ ಪಡಸಾಲೆಯ ದೀಪವೂ ಆರುತ್ತದೆ. ಬಾಕ್ಸಿನಲ್ಲಿ ಜಾಗವಿದ್ದರೆ ದೀಪಗಳಿಗೆ ಒಂದು, ಸಾಕೆಟ್ಟುಗಳಿಗೆ ಒಂದು ಎಂದು ಎರಡು ಆರ್‌ಸಿಸಿಬಿಗಳಾಗಿ ಒಡೆಯಬಹುದು. ಅಥವಾ ಎಂಸಿಬಿ, ಆರ್‌ಸಿಸಿಬಿ ಎರಡರ ಕೆಲಸವನ್ನೂ ಮಾಡುವ ಆರ್‌ಸಿಬಿಒವನ್ನು ಪ್ರತಿ ಸರ್ಕಿಟ್ಟಿಗೂ ಹಾಕಿಸಬಹುದು. ಆಗ ಬಿದ್ದದ್ದು ಯಾವುದೋ ದೋಷವೂ ಆ ಸಾಲಿನಲ್ಲಿಯೇ ಇರುತ್ತದೆ, ಹುಡುಕಾಟ ಅರ್ಧಕ್ಕಿಳಿಯುತ್ತದೆ. ಒಡೆಯುವಾಗ ನ್ಯೂಟ್ರಲ್‌ಗಳನ್ನೂ ಆಯಾ ಆರ್‌ಸಿಸಿಬಿಗೆ ಬೇರ್ಪಡಿಸಬೇಕು. ಒಂದರ ಫೇಸ್, ಇನ್ನೊಂದರ ನ್ಯೂಟ್ರಲ್ ಆಗಿಬಿಟ್ಟರೆ ದೋಷವೇ ಇಲ್ಲದೆ ಎರಡೂ ಬೀಳುತ್ತವೆ.

ಬೆಳಕಿನಕಂಡಿ

ಹಾಗೆಯೇ ಮಾಡಿಸುತ್ತೇನೆ. ಬಚ್ಚಲು ಮತ್ತು ಪಡಸಾಲೆಯ ದೀಪಗಳನ್ನು ಪ್ರತ್ಯೇಕ ಆರ್‌ಸಿಸಿಬಿಗೆ ಹಾಕುವುದಾಗಿ ಎಲೆಕ್ಟ್ರಿಷಿಯನ್ನರು ಒಪ್ಪಿದ್ದಾರೆ. ಕಪಾಟನ್ನು ಎದುರು ಗೋಡೆಗೆ ಒಯ್ದೆ. ಅಲ್ಲಿ ಬೋರ್ಡೂ ಇಲ್ಲ, ಸಾಕೆಟ್ಟೂ ಇಲ್ಲ. ಬದಲಿಸಿ ತೆಗೆದಿಟ್ಟಿದ್ದ ಗೀಸರಿನ ಹಳೆಯ ಎಲಿಮೆಂಟನ್ನೂ ನಿನ್ನೆಯೇ ಮೆಗ್ಗರಿನಲ್ಲಿ ನೋಡಿಸಿದೆ. ಅದರಲ್ಲಿ ಯಾವ ದೋಷವೂ ಇರಲಿಲ್ಲ.